ಸೇಡಂ ಗಡಿಯಾರ ಸಮುದ್ರದಂಡೆಗೆ ಹೊಂದದು

ನಮ್ಮ ಕಲಬುರಗಿ ಜಿಲ್ಲೆಯ ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ ಬೇಸಿಗೆಯ ಸಂಜೆ ಕಳೆಯುವುದು ಹೇಗೆಂದು ಈ ವಾರ ಬರೆಯುವ ಮಾತಾಗಿತ್ತು. ಅದು ಮುಂದಿನ ವಾರಕ್ಕಿರಲಿ. ಆ ದಂಡೆಯ ಮೇಲೆ ಹುಟ್ಟಿದ ನಂಬಿಕೆಯೊಂದು ಪ್ರತಿ ವರ್ಷ ಪರೀಕ್ಷೆ ಮುಗಿಯುವ ಹೊತ್ತಿಗೆ ನಮ್ಮ ಕಡೆಯವರನ್ನು ನೂರಾರು ಕಿಲೋಮೀಟರ್ ಓಡಿಸುತ್ತದೆ. ಅದನ್ನು ಮೊದಲು ಇತ್ಯರ್ಥ ಮಾಡೋಣ. ನೀರಿದ್ದಲ್ಲಿ ತಂಪು ಎಂಬುದೇ ಆ ನಂಬಿಕೆ. ಸಣ್ಣ ನೀರಿದ್ದಲ್ಲೇ ಇಷ್ಟು ತಂಪಿದ್ದರೆ ಸಮುದ್ರದಲ್ಲಿ ಎಷ್ಟಿರಬೇಡ ಎಂಬುದು ಅದರ ಮುಂದಿನ ಹೆಜ್ಜೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳಿಂದ ಏಪ್ರಿಲ್, ಮೇ ತಿಂಗಳಲ್ಲಿ ಕರಾವಳಿಗೆ ಹೊರಡುವ ಟೆಂಪೊ ಟ್ರಾವೆಲರ್‌ಗಳೆಲ್ಲ ಈ ತರ್ಕದ ಮೇಲೆಯೇ ಓಡುತ್ತವೆ. ಹೋದವರು ಮೂರನೆಯ ದಿನ ಬೆವರಿನಲ್ಲಿ ತೊಯ್ದು, ನಮ್ಮೂರ ಬಿಸಿಲೇ ವಾಸಿ ಎನ್ನುತ್ತ ತಿರುಗಿ ಬರುತ್ತಾರೆ. ದೋಷ ಕರಾವಳಿಯದಲ್ಲ, ಬಿಸಿಲಿನದೂ ಅಲ್ಲ. ಇಲ್ಲಿಯ ಲೆಕ್ಕವನ್ನು ಅಲ್ಲಿಗೆ ಹಚ್ಚಿದ್ದೇ ದೋಷ.

ಚಂದ್ರಂಪಳ್ಳಿಯ ದಂಡೆ ತಂಪೆನಿಸುವುದಕ್ಕೂ ನಮ್ಮ ಮನೆಗಳ ಕೂಲರ್ ತಂಪು ಗಾಳಿ ಬಿಡುವುದಕ್ಕೂ ಕಾರಣ ಒಂದೇ. ಒಣಗಾಳಿ ನೀರನ್ನು ತಾಕಿದರೆ ನೀರು ಆವಿಯಾಗುತ್ತದೆ. ಆವಿಯಾಗುವಾಗ ಗಾಳಿಯ ಶಾಖವನ್ನು ಕಸಿಯುತ್ತದೆ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಹೀಗೆಯೇ, ಮೈಯ ಬೆವರು ನಮ್ಮನ್ನು ಉಳಿಸುವುದೂ ಹೀಗೆಯೇ. ಉಷ್ಣಮಾಪಕದ ತುದಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಬರುವ ಅಂಕಿಯನ್ನು ಹವಾಮಾನದವರು ವೆಟ್ ಬಲ್ಬ್ ಉಷ್ಣಾಂಶ ಎನ್ನುತ್ತಾರೆ. ಬೆವರು ಮೈಯನ್ನು ಎಷ್ಟರಮಟ್ಟಿಗೆ ತಣಿಸಬಲ್ಲದೆಂದು ತಿಳಿಸುವುದು ಇದೇ ಅಂಕಿ. ಮೇ ತಿಂಗಳ ಮಧ್ಯಾಹ್ನ ವಾಡಿಯಲ್ಲಿ 42 ಡಿಗ್ರಿ ಬಿಸಿಲು, ಗಾಳಿಯಲ್ಲಿ ಶೇಕಡಾ 20ರಷ್ಟು ತೇವ ಇದ್ದರೆ ಆ ಒದ್ದೆ ಬಟ್ಟೆಯ ಉಷ್ಣಮಾಪಕ ಸುಮಾರು 24 ತೋರಿಸುತ್ತದೆ. ಮಂಗಳೂರಿನಲ್ಲಿ 34 ಡಿಗ್ರಿ, ತೇವ ಶೇಕಡಾ 70 ಇದ್ದರೆ ಅದು 29ಕ್ಕೆ ನಿಲ್ಲುತ್ತದೆ. ಬರಿಯ ಉಷ್ಣಾಂಶ ನೋಡಿದವನಿಗೆ ಎಂಟು ಡಿಗ್ರಿ ಲಾಭ. ಬೆವರಿನ ಲೆಕ್ಕದಲ್ಲಿ ಐದು ಡಿಗ್ರಿ ನಷ್ಟ. ಕಲಬುರಗಿಯಲ್ಲಿ ಓಣಿಗೊಂದು ಕೂಲರ್ ಅಂಗಡಿ ಇದ್ದು, ಕರಾವಳಿಯಲ್ಲಿ ಕೂಲರಿಗೆ ಬೆಲೆಯೇ ಇಲ್ಲದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಇನ್ನು ಅರಬ್ಬೀ ಸಮುದ್ರ ವರ್ಷದಲ್ಲೇ ಅತಿ ಬೆಚ್ಚಗಿರುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಅದರ ಮೇಲ್ಮೈ 29, 30 ಡಿಗ್ರಿ ಮುಟ್ಟಿರುತ್ತದೆ. ಅಂಥ ನೀರಿನ ಮೇಲೆ ಹಾದು, ಆಗಲೇ ತೇವ ಕುಡಿದು ಬಂದ ಗಾಳಿಯಿಂದ ಚಂದ್ರಂಪಳ್ಳಿಯ ತಂಪನ್ನು ಬೇಡುವುದು ನ್ಯಾಯವಲ್ಲ.

ಹಾಗಾದರೆ ಬೇಸಿಗೆಯಲ್ಲಿ ಕರಾವಳಿಗೆ ಹೋಗಲೇಬಾರದೇ? ಮಲೆನಾಡಿನ ಪಕ್ಷದವರು ಇದೇ ಮಾತನ್ನು ಹಿಡಿದು, ಆಗುಂಬೆ, ಕೆಮ್ಮಣ್ಣುಗುಂಡಿ ಬಿಟ್ಟು ಬೇರೆಲ್ಲೂ ಕಾಲಿಡಬೇಡಿ ಎಂದು ಉಪದೇಶ ಮಾಡುತ್ತಾರೆ. ಅವರ ವಾದ ಅರ್ಧ ಸರಿ. ಉಳಿದರ್ಧ ಗಾಳಿಗೆ ಸೇರಿದ್ದು. ತೇವ ಎಷ್ಟೇ ಇರಲಿ, ಗಾಳಿ ಬೀಸುತ್ತಿದ್ದರೆ ಬೆವರು ಆರುತ್ತದೆ, ನಿಂತರೆ ಇಳಿಯುತ್ತದೆ. ಕರಾವಳಿಯ ಹಗಲು ಸಹ್ಯವೋ ಅಸಹ್ಯವೋ ಎಂಬುದನ್ನು ತೀರ್ಮಾನಿಸುವುದು ಕಡಲಗಾಳಿ ಏಳುವ ಹೊತ್ತು. ರಾತ್ರಿಯೆಲ್ಲ ನೆಲದಿಂದ ಕಡಲಿನತ್ತ ಸಣ್ಣಗೆ ಸುಳಿದ ಗಾಳಿ ಬೆಳಗಾದ ಮೇಲೆ ಸೋಲುತ್ತದೆ. ನೆಲ ಕಾದು, ಅದರ ಮೇಲಿನ ಗಾಳಿ ಮೇಲೇಳುವವರೆಗೆ, ಅಂದರೆ ಸುಮಾರು ಒಂಬತ್ತರಿಂದ ಹನ್ನೊಂದೂವರೆವರೆಗೆ, ಅತ್ತಲೂ ಇಲ್ಲ ಇತ್ತಲೂ ಇಲ್ಲ. ತೆಂಗಿನ ಗರಿ ಅಲುಗದ ಹೊತ್ತು ಅದು. ಆಮೇಲೆ ಪಡುವಣದಿಂದ ಗಾಳಿ ಏಳುತ್ತದೆ, ಉಷ್ಣಾಂಶ ಅಲ್ಲಿಗೇ ನಿಲ್ಲುತ್ತದೆ. ನಮ್ಮಲ್ಲಿ ದಿನದ ಕಡು ಬಿಸಿಲು ಮೂರು, ನಾಲ್ಕು ಗಂಟೆಗೆ; ಕಡಲ ದಂಡೆಯಲ್ಲಿ ಅದು ಬಹಳ ಸಲ ಅದಕ್ಕೂ ಮೊದಲೇ ಮುಗಿದಿರುತ್ತದೆ.

ನಮ್ಮವರು ಎಡವುವುದು ಇಲ್ಲಿಯೇ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ತೆರೆದು ಒಂದೂವರೆಗೆ ಮುಚ್ಚುತ್ತವೆ. ಮುಂಜಾನೆ ಕೆಲಸ ಮುಗಿಸು, ಮಧ್ಯಾಹ್ನ ಬಾಗಿಲು ಹಾಕಿಕೋ ಎಂಬುದು ನಮಗೆ ಮೈಗೂಡಿದ ಶಿಸ್ತು, ಈ ಮಣ್ಣಿಗೆ ತಕ್ಕ ಶಿಸ್ತು. ಅದನ್ನೇ ಮಲ್ಪೆಗೆ ಕೊಂಡೊಯ್ದವರು ಮಾಡುವುದೇನು? ರಾತ್ರಿ ಬಸ್ಸಿನಿಂದ ಎಂಟಕ್ಕೆ ಇಳಿದು, ಸ್ನಾನ, ಇಡ್ಲಿ ಮುಗಿಸಿ, ಒಂಬತ್ತಕ್ಕೆ ಸರಿಯಾಗಿ, ಗಾಳಿ ಸತ್ತ ಗಳಿಗೆಗೆ ಮರಳಿನ ಮೇಲೆ ಕಾಲಿಡುತ್ತಾರೆ. ಮೂರು ತಾಸು ಬೆಂದು, ಹನ್ನೆರಡಕ್ಕೆ ಕಡಲಗಾಳಿ ಶುರುವಾದಾಗ ಲಾಡ್ಜ್ ಸೇರಿ ಕಿಟಕಿ ಮುಚ್ಚಿ ಮಲಗುತ್ತಾರೆ. ಸೇಡಂ ಗಡಿಯಾರವನ್ನು ತಿರುಗಿಸಿ ಕಟ್ಟಿಕೊಳ್ಳಬೇಕು. ಏಳರೊಳಗೆ ದಂಡೆಯಲ್ಲಿರಿ, ಒಂಬತ್ತಕ್ಕೆ ನೆರಳು ಸೇರಿ, ಮಧ್ಯಾಹ್ನ ಎರಡರ ಮೇಲೆ ಗಾಳಿಮರದ ತೋಪಿನಲ್ಲಿ ಪಡುವಣಕ್ಕೆ ಮುಖ ಮಾಡಿ ಕೂಡಿರಿ. ಎರಡು ಗಂಟೆಯ ಬಿಸಿಲು ಬಿಸಿಲೇ ಅಲ್ಲವೇ ಎಂದರೆ, ಹೌದು. ನೆತ್ತಿಗೆ ನೆರಳು ಬೇಕೇ ಬೇಕು. ಅಲ್ಲಿ ತಪ್ಪಿಸಿಕೊಳ್ಳಬೇಕಾದ ಮೊದಲ ಶತ್ರು ನಿಂತ ಗಾಳಿ, ಬಿಸಿಲಿನ ಸರದಿ ಅದರ ನಂತರ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ ಮಾರ್ಚ್ ತಿಂಗಳದು. ಕಡಲಗಾಳಿ ಅಷ್ಟು ನಂಬಿಗಸ್ತನಾದರೆ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಯಾಕೆ ಬರುತ್ತದೆ? ಬರುತ್ತದೆ ನಿಜ, 2023ರ ಮಾರ್ಚ್ ಆರಂಭದಲ್ಲಿ ಬಂದಿತ್ತು, 2025ರಲ್ಲಿ ಫೆಬ್ರುವರಿ ಮುಗಿಯುವ ಮೊದಲೇ ಬಂತು. ಬಯಲುನಾಡಿಗೆ 40 ಡಿಗ್ರಿ ಮುಟ್ಟದೆ ಬಿಸಿಗಾಳಿ ಎನ್ನದ ಭಾರತೀಯ ಹವಾಮಾನ ಇಲಾಖೆ ಕರಾವಳಿಗೆ 37 ಡಿಗ್ರಿಯ ಮಿತಿ ಇಟ್ಟಿದೆ. ಅದು ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಹೆಚ್ಚಿರಬೇಕು. ಆದರೆ ಆ ದಿನಗಳ ಗಾಳಿಯ ದಿಕ್ಕು ನೋಡಿ. ಫೆಬ್ರುವರಿ ಕೊನೆಯಿಂದ ಮಾರ್ಚ್‌ವರೆಗೆ ಮೂಡಣಗಾಳಿ ಇನ್ನೂ ಜೋರಿರುತ್ತದೆ. ದಖ್ಖನ್ನಿನ ಒಣಗಾಳಿ ಘಟ್ಟ ಇಳಿಯುತ್ತ ಪ್ರತಿ ನೂರು ಮೀಟರಿಗೆ ಹತ್ತಿರ ಹತ್ತಿರ ಒಂದು ಡಿಗ್ರಿಯಂತೆ ಕಾಯುತ್ತದೆ. ಶಿರಸಿ, ಯಲ್ಲಾಪುರದ ಎತ್ತರದಲ್ಲಿ 33 ಇದ್ದದ್ದು ಹೊನ್ನಾವರ, ಕಾರವಾರದಲ್ಲಿ 38 ಆಗುವುದು ಹೀಗೆ. ಅಂಥ ದಿನ ಕಡಲಗಾಳಿ ಮಧ್ಯಾಹ್ನದವರೆಗೂ ದಡ ಹತ್ತಲಾರದು. ಕರಾವಳಿಯ ಕಡು ಬಿಸಿ ಕಡಲಿನಿಂದ ಬಂದುದಲ್ಲ, ನಮ್ಮ ದಿಕ್ಕಿನಿಂದ ಹೋದದ್ದು! ಆದ್ದರಿಂದ ಬೇಸಿಗೆಗೆ ಮೊದಲೇ ಹೋಗಿಬಂದರೆ ಜಾಣತನ ಎಂಬ ಲೆಕ್ಕವೂ ಪೂರ್ತಿ ನಿಲ್ಲದು. ಡಿಸೆಂಬರ್, ಜನವರಿಯ ಮಾತು ಬೇರೆ. ಮಾರ್ಚ್ ತಿಂಗಳು ಕರಾವಳಿಯಲ್ಲಿ ಜೂಜು.

ಮುಂದಿನ ಜಗಳ ಪ್ಯಾಕೇಜಿನವರೊಡನೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು, ಮುರುಡೇಶ್ವರ, ಗೋಕರ್ಣ, ಇಷ್ಟನ್ನೂ ನಾಲ್ಕು ದಿನಕ್ಕೆ ಕಟ್ಟಿ ‘ಕರಾವಳಿ ದರ್ಶನ’ ಎಂದು ಹೆಸರಿಟ್ಟು ಮಾರುತ್ತಾರೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಕೊಲ್ಲೂರು ಘಟ್ಟದ ಬುಡದ ಊರುಗಳು. ಕಡಲಗಾಳಿ ಅಲ್ಲಿಗೆ ತಡವಾಗಿ, ಸೋತು ತಲುಪುತ್ತದೆ. ಪಣಂಬೂರಿನ ದಂಡೆ ತಣಿದ ಮೇಲೂ ಪುತ್ತೂರು, ಸುಳ್ಯದ ಕಡೆ ಮಧ್ಯಾಹ್ನ ಕುದಿಯುತ್ತಿರುತ್ತದೆ. ಅದೇ ತೇವದ ಗಾಳಿ ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರಿ, ಏಪ್ರಿಲ್ ಎರಡನೆಯ ಪಕ್ಷದಿಂದ ಸಂಜೆಗೆ ಗುಡುಗು ಮಳೆಯಾಗಿ ಇಳಿಯುತ್ತದೆ. ಘಟ್ಟದ ಬುಡದ ದೇವಸ್ಥಾನಗಳನ್ನು ಮುಂಜಾನೆ ಮುಗಿಸಿ ಮಧ್ಯಾಹ್ನಕ್ಕೆ ಕಡಲಿಗೆ ಇಳಿಯಬೇಕು. ಪ್ಯಾಕೇಜಿನವರು ಬೆಳಿಗ್ಗೆ ಬೀಚು ತೋರಿಸಿ ಸಂಜೆ ಸಿಡಿಲಿನ ಹೊತ್ತಿಗೆ ಚಾರ್ಮಾಡಿ ಹತ್ತಿಸುತ್ತಾರೆ. ಕಡಲ ದಂಡೆಯೂ ಉದ್ದಕ್ಕೂ ಒಂದೇ ಅಲ್ಲ. ಮಂಗಳೂರಿನಿಂದ ಕಾರವಾರಕ್ಕೆ ಅಕ್ಷಾಂಶದಲ್ಲಿ ಎರಡು ಡಿಗ್ರಿಯಷ್ಟು ಅಂತರ. ಮುಂಗಾರುಪೂರ್ವ ಮಳೆ ಮೊದಲು ಹಿಡಿಯುವುದು ಕೇರಳಕ್ಕೆ ಹತ್ತಿದ ದಕ್ಷಿಣ ತುದಿಗೆ, ಹೆಚ್ಚು ಸುರಿಯುವುದೂ ಅಲ್ಲೇ. ಕಾರವಾರ, ಅಂಕೋಲಾ, ಗೋಕರ್ಣದ ಕಡೆ ಒಣ ದಿನಗಳು ಇನ್ನಷ್ಟು ಉದ್ದ. ಏಪ್ರಿಲ್‌ನಲ್ಲಿ ಉತ್ತರದ ಈ ಒಣ ದಿನಗಳು ವರ; ಕಡಲು ಶಾಂತ, ಆಕಾಶ ಸ್ವಚ್ಛ. ಮೇ ತಿಂಗಳಲ್ಲಿ ಅವೇ ಶಾಪ. ಮೋಡ ಕಟ್ಟುತ್ತದೆ, ಸೆಕೆ ಏರುತ್ತದೆ, ಮಳೆ ಮಾತ್ರ ಬೀಳದು. ಆಗ ಮಂಗಳೂರು, ಉಡುಪಿಯವರಿಗೆ ಸಂಜೆಗೊಂದು ಮಳೆ ಹೊಡೆದು ರಾತ್ರಿ ನಿದ್ದೆಯಾದರೂ ಬರುತ್ತದೆ.

ಈ ಲೆಕ್ಕ ಹೊಸದೆಂದು ಯಾರೂ ಮೀಸೆ ತಿರುವಬೇಕಿಲ್ಲ. ಅರಬ್ ನಾವಿಕ ಅಹಮದ್ ಇಬ್ನ್ ಮಾಜಿದ್ 15ನೆಯ ಶತಮಾನದ ಕೊನೆಯಲ್ಲಿ ಬರೆದ ‘ಕಿತಾಬ್ ಅಲ್-ಫವಾಯಿದ್’ ಕಡಲ ಹವೆಯ ಮಟ್ಟಿಗೆ ಈ ಅಂಕಣದ ಆರಾಧ್ಯ ಗ್ರಂಥ, ಜಿ. ಆರ್. ಟಿಬೆಟ್ಸ್ ಅವರ ಇಂಗ್ಲಿಷ್ ಅನುವಾದ 1971ರಲ್ಲಿ ಬಂತು. ಯಾವ ಬಂದರಿನಿಂದ ಯಾವ ದಿನದೊಳಗೆ ಹಾಯಿ ಎತ್ತಬೇಕೆಂದು ಆತ ಪಾರಸಿ ಹೊಸವರ್ಷವಾದ ನೌರೂಜಿನಿಂದ ದಿನ ಎಣಿಸಿ ಹೇಳುತ್ತಾನೆ. ಇಸ್ಲಾಮಿನ ಚಾಂದ್ರಮಾನ ತಿಂಗಳುಗಳು ಋತುವಿನೊಡನೆ ನಿಲ್ಲುವುದಿಲ್ಲ. ಅದಕ್ಕೇ ಸೌರ ದಿನಗಳ ಎಣಿಕೆ. ವರ್ಷದಲ್ಲಿ ಸುಮಾರು ಮೂರು ತಿಂಗಳು ಪಶ್ಚಿಮ ಕರಾವಳಿಯ ಕಡಲು ಮುಚ್ಚಿರುತ್ತದೆಂಬುದು ಅವನ ಲೆಕ್ಕದ ತಳಹದಿ. ನಮ್ಮ ಮಳೆ ನಕ್ಷತ್ರಗಳೂ ಸೌರವೇ. ಸೂರ್ಯ ಏಪ್ರಿಲ್ ಮಧ್ಯಕ್ಕೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ 11ರ ಸುಮಾರಿಗೆ ಕೃತ್ತಿಕೆ, 25ರ ಸುಮಾರಿಗೆ ರೋಹಿಣಿ ಸೇರುತ್ತಾನೆ. ಒಂದು ದಿನ ಆಚೀಚೆಯಾದೀತು, ಅಷ್ಟೇ. ಜೂನ್ 8ರ ಸುಮಾರಿಗೆ ಮಿರಗ, ಅಂದರೆ ಮೃಗಶಿರ, ಕೂಡಿತೆಂದರೆ ಚಿಂಚೋಳಿಯ ರೈತ ತೊಗರಿ ಬೀಜದ ಚೀಲ ಬಿಚ್ಚುತ್ತಾನೆ. ಮೀನುಗಾರನ ಯಾಂತ್ರಿಕ ದೋಣಿ ಅದಕ್ಕೂ ಮೊದಲೇ ದಡ ಸೇರಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಸರ್ಕಾರದ ನಿಷೇಧ. ಮತ್ತೊಂದು ಮಾತು. ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಕಾಲದಲ್ಲಿ ಅರಬ್ ವರ್ತಕರು ಪಶ್ಚಿಮ ಕರಾವಳಿಗೆ ಬಂದು ಹೋಗುತ್ತಿದ್ದದ್ದು ಇದೇ ಗಾಳಿಯ ಮೇಲೆ. 9ನೆಯ ಶತಮಾನದ ಅರಬ್ ಬರಹಗಳು ರಾಷ್ಟ್ರಕೂಟ ದೊರೆಯನ್ನು ‘ಬಲ್ಹರಾ’ ಎಂದು ಕರೆದು ಹೊಗಳುತ್ತವೆ. ಕಾಗಿಣಾ ದಂಡೆಯಲ್ಲಿ ಕೂತವರಿಗೂ ಕಡಲಗಾಳಿಯ ತಾರೀಖು ಬೇಕಾಗಿದ್ದ ಕಾಲವೊಂದಿತ್ತು.

ಮೊಬೈಲಿನಲ್ಲಿ ತಾಸು ತಾಸಿನ ಹವೆ ಸಿಗುವಾಗ ನಕ್ಷತ್ರ ಯಾಕೆ ಎನ್ನುವವರಿಗೆ ಎರಡು ಮಾತು. ಮಂಗಳೂರಿನ ಅಂಕಿ ಎಂದು ನೀವು ನೋಡುವುದು ಬಜ್ಪೆಯದೋ ಪಣಂಬೂರಿನದೋ ಕೇಳಿಕೊಳ್ಳಿ. ಒಂದು ದಿಣ್ಣೆಯ ಮೇಲಿನ ವಿಮಾನ ನಿಲ್ದಾಣ, ಇನ್ನೊಂದು ಕಡಲ ಬಾಗಿಲು. ಎರಡರ ಮಧ್ಯಾಹ್ನ ಒಂದೇ ಅಲ್ಲ. ಇನ್ನು, ಮೊಬೈಲು ನಾಳೆಯ ಮಾತು ಹೇಳೀತು, ತಿಂಗಳ ಮುಂಚೆ ಕೋಣೆ ಕಾದಿರಿಸುವವನಿಗೆ ಅದರಿಂದ ಉಪಯೋಗವಿಲ್ಲ. ನಕ್ಷತ್ರವೂ ತಪ್ಪುತ್ತದೆ, ಒಪ್ಪಬೇಕು. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಕೃತ್ತಿಕೆ ಕೂಡಿದ ಕೆಲವೇ ದಿನಕ್ಕೆ ಕರಾವಳಿಯನ್ನು ಬಡಿಯಿತು. 2018ರ ಮೇ 29ರಂದು ಮಂಗಳೂರಿನ ಬೀದಿಗಳಲ್ಲಿ ನೀರು ನಿಂತಿತು. ಜೂನ್ 1ಕ್ಕೆ ಕೇರಳ ಮುಟ್ಟಬೇಕಾದ ಮುಂಗಾರು 2025ರಲ್ಲಿ ಮೇ 24ಕ್ಕೇ ಮುಟ್ಟಿ, 26ಕ್ಕೆ ಮುಂಬೈ ತಲುಪಿತ್ತು. ಮೂರೂ ತಪ್ಪು ಒಂದೇ ಕಡೆಗೆ ವಾಲುತ್ತವೆ: ಮಳೆ ಮೊದಲೇ ಬಂತು. ಎಂದರೆ ನಕ್ಷತ್ರವನ್ನು ನಂಬುವುದಾದರೆ ಅದರ ತಾರೀಖಿನಿಂದ ಒಂದು ವಾರ ಕಳೆದು ನಂಬಬೇಕು. ಕಡಲ ಅಲೆಯ ಎಚ್ಚರಿಕೆಗೆ ಬೇರೆ ದಾರಿ ಇದೆ. ಅದನ್ನು ಹೊರಡಿಸುವ ಇನ್‌ಕಾಯಿಸ್ ಸಂಸ್ಥೆ ಇರುವುದು ಹೈದರಾಬಾದಿನಲ್ಲಿ, ಸೇಡಂನವರಿಗೆ ಮಂಗಳೂರಿಗಿಂತ ಎಷ್ಟೋ ಹತ್ತಿರ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಅಲೆ, ಇಲ್ಲಿ ಗಾಳಿಯೇ ಇಲ್ಲದ ದಿನವೂ ದಡಕ್ಕೆ ನುಗ್ಗುವುದು ಈ ತಿಂಗಳುಗಳಲ್ಲಿ ಉಂಟು. ಶಾಂತವಾಗಿ ಕಂಡ ಕಡಲಿಗೆ ಮಕ್ಕಳನ್ನು ಇಳಿಸುವ ಮುನ್ನ ಅವರ ಸೂಚನೆ ನೋಡಿ, ದಂಡೆಯ ಜೀವರಕ್ಷಕರ ಮಾತು ಕೇಳಿ.

ತೀರ್ಪು ಇಷ್ಟು. ರಜೆ ನಿಮ್ಮ ಕೈಯಲ್ಲಿದ್ದರೆ ಚಳಿಗಾಲದಲ್ಲೇ ಹೋಗಿ. ಮಕ್ಕಳ ಶಾಲೆಗೆ ಕಟ್ಟುಬಿದ್ದಿದ್ದರೆ ಏಪ್ರಿಲ್‌ನಲ್ಲಿ ಉತ್ತರಕ್ಕೆ, ಗೋಕರ್ಣ, ಕಾರವಾರದ ಕಡೆಗೆ. ಮೇ ಮೊದಲ ಪಕ್ಷದಲ್ಲಿ ದಕ್ಷಿಣಕ್ಕೆ, ಉಡುಪಿ, ಮಂಗಳೂರಿನ ಕಡೆಗೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಆಸೆ ಇದ್ದರೆ ಮೇ ಮಧ್ಯದೊಳಗೆ ಮುಗಿಸಿ. ಆಮೇಲೆ ದೋಣಿ ಬಿಡುವುದಿಲ್ಲ. ಕೃತ್ತಿಕೆಯ ಎರಡನೆಯ ವಾರದಿಂದ ಎತ್ತಲೂ ಬೇಡ. ಲಾಡ್ಜಿನವರಿಗೆ ಮುಂಗಡ ಕಳಿಸುವ ಮುನ್ನ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿ: ಕೋಣೆಯ ಕಿಟಕಿ ಯಾವ ದಿಕ್ಕಿಗಿದೆ? ಪಡುವಣಕ್ಕೆ ಎಂದರೆ ಹಣ ಕಳಿಸಿ, ಮೂಡಣಕ್ಕೆ ಎಂದರೆ ಬೇರೆ ಲಾಡ್ಜ್ ನೋಡಿ.