ಆಳಿನ ಬೈಬಲ್, ಒಡೆಯರ ಬೈಬಲ್

ಬೈಬಲ್ಲಿನೊಳಗೆ ಒಂದಕ್ಕೊಂದು ಹೊಂದದ ಮಾತುಗಳಿವೆಯೇ ಎಂದು ಕೇಳಿದರೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳು ಸಿಗುತ್ತವೆ. ಇಲ್ಲ, ಅದು ದೇವರ ವಾಕ್ಯ, ನಿಮಗೆ ಅರ್ಥವಾಗಿಲ್ಲ ಅಷ್ಟೆ ಎನ್ನುವುದು ಪ್ರವಚನಕಾರರ ಉತ್ತರ. ಇವೆ, ತಗೊಳ್ಳಿ ಪಟ್ಟಿ ಎನ್ನುವುದು ವಿಚಾರವಾದಿಗಳ ಉತ್ತರ. ಪಟ್ಟಿ ಸುಳ್ಳೇನಲ್ಲ. ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಪ್ರಾಣಿಗಳಾದ ಮೇಲೆ ಮನುಷ್ಯ ಬರುತ್ತಾನೆ. ಎರಡನೆಯದರಲ್ಲಿ ಮನುಷ್ಯನಾದ ಮೇಲೆ ಪ್ರಾಣಿಗಳು. ಯೋಸೇಫನ ಅಪ್ಪ ಮತ್ತಾಯನ ಪ್ರಕಾರ ಯಾಕೋಬ, ಲೂಕನ ಪ್ರಕಾರ ಹೇಲೀ. ಯೂದ ಒಂದು ಕಡೆ ನೇಣು ಹಾಕಿಕೊಳ್ಳುತ್ತಾನೆ, ಇನ್ನೊಂದು ಕಡೆ ಬಿದ್ದು ಹೊಟ್ಟೆಯೊಡೆದು ಸಾಯುತ್ತಾನೆ. ದಾವೀದನ ಜನಗಣತಿಗೆ ಸಮುವೇಲನ ಪುಸ್ತಕದಲ್ಲಿ ದೇವರೇ ಪ್ರೇರಣೆ, ಪೂರ್ವಕಾಲವೃತ್ತಾಂತದಲ್ಲಿ ಸೈತಾನ.

ಹೀಗೆ ಜಗಳವಾಡುವ ಇಬ್ಬರೂ ಒಂದು ವಿಷಯದಲ್ಲಿ ಮಾತ್ರ ಒಂದೇ ಪಕ್ಷ. ಪವಿತ್ರ ಗ್ರಂಥ ಅಂದಮೇಲೆ ಅದಕ್ಕೆ ಒಂದೇ ದನಿ ಇರಬೇಕು, ಎರಡು ದನಿ ಕೇಳಿದರೆ ಗ್ರಂಥ ಸತ್ತಿತು ಎಂದು ಇಬ್ಬರೂ ನಂಬಿದ್ದಾರೆ. ಈ ನಂಬಿಕೆ ನಮ್ಮದಲ್ಲ. ಘಟ್ಟದ ಕೆಳಗಿನಿಂದ ಮೂಡಿಗೆರೆ, ಕಳಸದ ಕಾಫಿ ತೋಟಗಳಿಗೆ ಬಂದ ತುಳು ಮಾತಿನ ಆಳುಗಳು ತಮ್ಮ ಜೊತೆ ಪಂಜುರ್ಲಿ, ಗುಳಿಗರನ್ನು ತಂದರು, ಪಾಡ್ದನಗಳನ್ನೂ ತಂದರು. ಒಂದೇ ಭೂತದ ಹುಟ್ಟನ್ನು ಒಬ್ಬಾಕೆ ಒಂದು ರೀತಿ ಹಾಡಿದರೆ ಇನ್ನೊಬ್ಬಾಕೆ ಬೇರೆ ರೀತಿ ಹಾಡುತ್ತಾಳೆ. ಅದರಿಂದ ಯಾರ ಭಕ್ತಿಯೂ ಮುರಿದು ಬಿದ್ದಿಲ್ಲ. ಹಾಡುವವರು ನಾಲ್ಕು ಜನ ಇದ್ದರೆ ಕತೆ ನಾಲ್ಕು ಇರುತ್ತದೆ, ಅದರಲ್ಲೇನಿದೆ? ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಅವರ ದುಡಿಮೆಯಿಂದ ಕನ್ನಡದ ಇಡೀ ಬೈಬಲ್ 1831ರಲ್ಲಿ ಮುಗಿಯಿತು. ಅಚ್ಚಾದ ಪುಸ್ತಕದ ಜೊತೆ ಅದು ತಪ್ಪಿಲ್ಲದ್ದು ಎಂಬ ಮಾತೂ ಬಂತು. ಆಮೇಲಷ್ಟೇ ನಾಲ್ಕು ಸುವಾರ್ತೆಗಳು ನಾಲ್ಕಾಗಿರುವುದು ಒಂದು ತೊಂದರೆಯಾಗಿ ಕಾಣತೊಡಗಿತು.

ಹಾಗಾಗಿ ಯೂದ ಹೇಗೆ ಸತ್ತ ಎಂಬುದನ್ನು ಪಂಡಿತರಿಗೇ ಬಿಟ್ಟುಬಿಡೋಣ. ಲೈನುಮನೆಯಲ್ಲಿ ಬದುಕುವವನಿಗೆ ತಟ್ಟುವ ವೈರುಧ್ಯಗಳು ಬೇರೆ ಇವೆ. ಪ್ರವಚನಕಾರರ ಸಮಾಧಾನದಲ್ಲೂ ಅವು ಬರುವುದಿಲ್ಲ, ವಿಚಾರವಾದಿಗಳ ಪಟ್ಟಿಯಲ್ಲೂ ಬರುವುದು ಅಪರೂಪ. ಅವು ಕೂಲಿ, ಸಾಲ, ಓಡಿಹೋದ ಆಳು, ಧಣಿಯ ಹಕ್ಕು ಇವುಗಳ ಬಗ್ಗೆ ಇರುವ ವೈರುಧ್ಯಗಳು.

ಓಡಿಹೋದ ಆಳಿನ ವಿಷಯವನ್ನೇ ನೋಡಿ. ಧರ್ಮೋಪದೇಶಕಾಂಡದ 23ನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ: ಒಡೆಯನಿಂದ ತಪ್ಪಿಸಿಕೊಂಡು ಬಂದ ಗುಲಾಮನನ್ನು ತಿರುಗಿ ಒಪ್ಪಿಸಬೇಡಿ, ಅವನಿಗೆ ಇಷ್ಟವಾದ ಊರಲ್ಲಿ ಅವನು ಬಾಳಲಿ. ಫಿಲೆಮೋನನಿಗೆ ಪೌಲ ಬರೆದ ಪುಟ್ಟ ಪತ್ರದಲ್ಲಿ ಆದದ್ದೇ ಬೇರೆ. ಒನೇಸಿಮ ಎಂಬ ಗುಲಾಮನನ್ನು ಪೌಲನೇ ಒಡೆಯನ ಬಳಿಗೆ ವಾಪಸು ಕಳಿಸುತ್ತಾನೆ. ಗುಲಾಮನಿಗಿಂತ ಹೆಚ್ಚಾಗಿ ತಮ್ಮನಂತೆ ನೋಡಿಕೋ ಎಂದು ಕೇಳಿಕೊಳ್ಳುತ್ತಾನೆ, ನಿಜ. ಆದರೆ ಕಳಿಸುವುದನ್ನು ತಪ್ಪಿಸುವುದಿಲ್ಲ. ಮಲೆನಾಡಿನವರಿಗೆ ಇದು ಇಸ್ರೇಲಿನ ಕತೆ ಮಾತ್ರವಲ್ಲ. ಬ್ರಿಟಿಷ್ ಸರ್ಕಾರ 1859ರಲ್ಲಿ 13ನೆಯ ಕಾಯ್ದೆ ತಂದಿತು. ಮೇಸ್ತ್ರಿಯ ಕೈಯಿಂದ ಮುಂಗಡ ತಗೊಂಡ ಆಳು ಕೆಲಸ ಬಿಟ್ಟು ಹೋದರೆ ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಬೇಕು. ಹಣ ಹಿಂದಿರುಗಿಸಬೇಕು, ಇಲ್ಲವೇ ಕೆಲಸಕ್ಕೆ ಮರಳಬೇಕು. ಎರಡೂ ಇಲ್ಲವೆಂದರೆ ಮೂರು ತಿಂಗಳವರೆಗೆ ಜೈಲು. ದಕ್ಷಿಣದ ಪ್ಲಾಂಟರುಗಳ ಕೈಯಲ್ಲಿ ಇದೊಂದು ಬಾರುಕೋಲಾಯಿತು. 1920ರ ದಶಕದ ನಡುವಿನವರೆಗೂ ಅದು ರದ್ದಾಗಲಿಲ್ಲ. ಭಾನುವಾರ ಬೈಬಲ್ ಓದುತ್ತಿದ್ದ ಪ್ಲಾಂಟರುಗಳಿಗೆ ಧರ್ಮೋಪದೇಶಕಾಂಡದ ಆ ವಾಕ್ಯ ಕಣ್ಣಿಗೆ ಬಿದ್ದಿರಲಿಲ್ಲವೇ?

ಸಾಲದ ವಿಷಯಕ್ಕೆ ಬರೋಣ. ತಂದೆಯರ ಪಾಪಕ್ಕೆ ಮೂರು ನಾಲ್ಕು ತಲೆಮಾರಿನವರೆಗೆ ಮಕ್ಕಳನ್ನು ದಂಡಿಸುವ ದೇವರು ವಿಮೋಚನಕಾಂಡದ 20ರಲ್ಲಿದ್ದಾನೆ. ಮಗ ಅಪ್ಪನ ಪಾಪವನ್ನು ಹೊರುವುದಿಲ್ಲ ಎನ್ನುವ ದೇವರು ಯೆಹೆಜ್ಕೇಲನ 18ರಲ್ಲಿದ್ದಾನೆ. ಅಪ್ಪ ಮಾಡಿದ ಸಾಲಕ್ಕೆ ಮಗ ಜೀತಕ್ಕೆ ನಿಂತದ್ದನ್ನು ಕಂಡ ಜನ ಈ ಎರಡು ವಾಕ್ಯಗಳನ್ನು ಒಂದೇ ಅಂತ ಹೇಗೆ ಓದಬೇಕು? 1976ರ ಜೀತ ವಿಮುಕ್ತಿ ಕಾಯ್ದೆ ಕಾಗದದ ಮೇಲಾದರೂ ಯೆಹೆಜ್ಕೇಲನ ಪಕ್ಷ ವಹಿಸಿತು. ಹಿಂದಿನ ಜನ್ಮದ ಕರ್ಮ ಎಂದು ನಮಗೆ ಹೇಳಿಕೊಂಡು ಬಂದವರು, ಧರ್ಮ ಯಾವುದೇ ಇರಲಿ, ಮೊದಲನೆಯ ವಾಕ್ಯದ ಪಕ್ಷದವರೇ.

ಯಾಜಕಕಾಂಡದ 25ನೆಯ ಅಧ್ಯಾಯದಲ್ಲಂತೂ ಒಂದೇ ಉಸಿರಿನಲ್ಲಿ ಎರಡು ಮಾತಿವೆ. 50ನೆಯ ವರ್ಷ ಜೂಬಿಲಿ. ದೇಶದ ಎಲ್ಲರಿಗೂ ಬಿಡುಗಡೆ ಸಾರಿರಿ, ಕಳೆದುಕೊಂಡ ಭೂಮಿ ಹಳೆಯ ಮನೆತನಕ್ಕೆ ಮರಳಲಿ. ಅದೇ ಅಧ್ಯಾಯದ ಕೊನೆಗೆ ಬಂದರೆ, ಪರಜಾತಿಯ ಗುಲಾಮರನ್ನು ಮಾತ್ರ ಕೊಂಡುಕೊಳ್ಳಬಹುದು, ಮಕ್ಕಳಿಗೆ ಆಸ್ತಿಯಾಗಿ ಬಿಟ್ಟು ಹೋಗಬಹುದು. ನಮ್ಮವರಿಗೆ ಬಿಡುಗಡೆ, ಹೊರಗಿನವರಿಗೆ ನಿತ್ಯದ ಜೀತ. ಊರು ಮತ್ತು ಕೇರಿ ಎಂದರೆ ಏನು ಎಂದು ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೊಸ ಒಡಂಬಡಿಕೆಯಲ್ಲೂ ಇದೇ ಪಾಡು. ಕ್ರಿಸ್ತನಲ್ಲಿ ಆಳು ಒಡೆಯ ಎಂಬ ಭೇದವಿಲ್ಲ ಅನ್ನುತ್ತದೆ ಗಲಾತ್ಯದವರಿಗೆ ಬರೆದ ಪತ್ರ. ಗುಲಾಮರು ಒಡೆಯರಿಗೆ ಅಂಜಿ ನಡೆದುಕೊಳ್ಳಲಿ ಅನ್ನುತ್ತದೆ ಎಫೆಸದವರಿಗೆ ಬರೆದ ಪತ್ರ. ಒಡೆಯ ಕ್ರೂರಿಯಾದರೂ ಸರಿ ಎಂದು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ ಪೇತ್ರನ ಮೊದಲ ಪತ್ರ. ಇದರ ಮೇಲೆ ಕನ್ನಡದ ಅನುವಾದದ ಒಂದು ಚಮತ್ಕಾರ ಬೇರೆ. ಗುಲಾಮ ಎನ್ನಬೇಕಾದ ಕಡೆ ಎಷ್ಟೋ ಸಲ ‘ದಾಸ’ ಎಂಬ ಪದ ಬರುತ್ತದೆ. ಕನ್ನಡದಲ್ಲಿ ದಾಸ ಎಂದರೆ ತಂಬೂರಿ ಹಿಡಿದು ಹಾಡುವವನು. ಅದೊಂದು ಗೌರವದ ಬಿರುದು. ಸಂತೆಯಲ್ಲಿ ಮಾರಾಟಕ್ಕೆ ನಿಂತ ಮನುಷ್ಯನ ಮೈಮೇಲಿನ ಬರೆ ಆ ಪದದಲ್ಲಿ ಕಾಣುವುದೇ ಇಲ್ಲ.

ಇವೆಲ್ಲ ಮೇಲುನೋಟದ ವೈರುಧ್ಯಗಳು, ಆಳದಲ್ಲಿ ಎಲ್ಲವೂ ಒಂದೇ ಎಂದು ಹೇಳುವವರಿದ್ದಾರೆ. ಧಣಿಗಳು ಯಾವತ್ತೂ ಹಾಗೆ ತಿಳಿದಿರಲಿಲ್ಲ. ವೆಸ್ಟ್ ಇಂಡೀಸ್‌ನ ಕಬ್ಬಿನ ತೋಟಗಳ ಗುಲಾಮರಿಗಾಗಿ 1807ರಲ್ಲಿ ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚಾಯಿತು. ಅದರಲ್ಲಿ ಐಗುಪ್ತದಿಂದ ಬಿಡುಗಡೆಯಾದ ಕತೆಯನ್ನು ತೆಗೆದುಹಾಕಲಾಗಿತ್ತು. ಗಲಾತ್ಯದ ಆ ವಾಕ್ಯವೂ ಇರಲಿಲ್ಲ. ಎಫೆಸದ ವಿಧೇಯತೆಯ ಮಾತು ಮಾತ್ರ ಭದ್ರವಾಗಿ ಕೂತಿತ್ತು. ಎಲ್ಲವೂ ಒಂದೇ ಆಗಿದ್ದರೆ ಕತ್ತರಿ ಯಾಕೆ ಬೇಕಾಯಿತು? ಬೈಬಲ್ಲಿನೊಳಗೆ ಎರಡು ಪಕ್ಷಗಳಿವೆ ಎಂಬುದಕ್ಕೆ ಒಡೆಯರೇ ಕೊಟ್ಟ ಸಾಕ್ಷಿ ಇದು.

ಆಳುಗಳ ಕಡೆಯಿಂದಲೂ ಒಂದು ಕತ್ತರಿ ಇದೆ. ಅಮೆರಿಕದ ಕರಿಯ ಚಿಂತಕ ಹೊವಾರ್ಡ್ ಥರ್ಮನ್ ತನ್ನ 1949ರ ಪುಸ್ತಕದಲ್ಲಿ ಅಜ್ಜಿಯ ಸಂಗತಿಯೊಂದನ್ನು ಹೇಳುತ್ತಾನೆ. ಗುಲಾಮಳಾಗಿ ಹುಟ್ಟಿದ ಆಕೆಗೆ ಓದು ಬಾರದು. ಮೊಮ್ಮಗ ಬೈಬಲ್ ಓದಿ ಹೇಳಬೇಕು. ಆದರೆ ಪೌಲನ ಪತ್ರಗಳನ್ನು, ಪ್ರೀತಿಯ ಮೇಲಿನ ಒಂದು ಅಧ್ಯಾಯ ಬಿಟ್ಟರೆ, ಆಕೆ ಓದಿಸುತ್ತಿರಲಿಲ್ಲ. ಒಡೆಯನ ಪಾದ್ರಿ ಬಂದಾಗಲೆಲ್ಲ ಪೌಲನ ವಿಧೇಯತೆಯ ವಾಕ್ಯವನ್ನೇ ಬೋಧಿಸುತ್ತಿದ್ದನಂತೆ. ಆ ಮುದುಕಿ ದೇವರನ್ನು ಬಿಡಲಿಲ್ಲ, ಪುಸ್ತಕವನ್ನೂ ಬಿಡಲಿಲ್ಲ. ಆ ದನಿಯನ್ನು ಮಾತ್ರ ತನ್ನ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ಯಾವ ವಿಶ್ವವಿದ್ಯಾನಿಲಯದ ವಿಮರ್ಶೆಗೂ ಇದು ಕಡಿಮೆಯದಲ್ಲ.

ನಮ್ಮ ಬೆಟ್ಟಗಳಲ್ಲಿ ಒಡೆಯರ ಓದು ಹೇಗಿತ್ತು ಎಂಬುದಕ್ಕೆ ರಾಬರ್ಟ್ ಎಲಿಯಟ್‌ನ ಬರಹಗಳಿವೆ. ಮೂಡಿಗೆರೆಗೆ ಹೊಂದಿಕೊಂಡ ಮಂಜರಾಬಾದ್ ಸೀಮೆಯಲ್ಲಿ 1850ರ ದಶಕದಲ್ಲಿ ಕಾಫಿ ತೋಟ ಮಾಡಿದ ಈತ 1871ರಲ್ಲಿ ಮೈಸೂರು ಕಾಡಿನ ಪ್ಲಾಂಟರನ ಅನುಭವಗಳ ಪುಸ್ತಕ ಪ್ರಕಟಿಸಿದ. ಅವನ ವಾದ ಇದು: ಜಾತಿಯಿಂದ ಒಳ್ಳೆಯದೇ ಆಗಿದೆ, ಕ್ರೈಸ್ತರಾಗುವವರು ಜಾತಿ ಬಿಡಲೇಬೇಕು ಎಂದು ಮಿಷನರಿಗಳು ಹಟ ಹಿಡಿಯಬಾರದು. 1850ರಲ್ಲೇ ಮದ್ರಾಸಿನ ಮಿಷನರಿ ಸಮ್ಮೇಳನ ಜಾತಿ ಬಿಡದವರಿಗೆ ದೀಕ್ಷಾಸ್ನಾನ ಬೇಡ ಎಂದು ತೀರ್ಮಾನಿಸಿತ್ತು. ಒಂದೇ ಪುಸ್ತಕ ಓದಿದ ಬಿಳಿಯರಲ್ಲೇ ಎರಡು ತೀರ್ಮಾನ. ತೋಟ ಇದ್ದವನಿಗೆ ಬೈಬಲ್ಲಿನಲ್ಲಿ ಜಾತಿಗೆ ಜಾಗ ಕಂಡಿತು. ಇದು ವ್ಯಾಕರಣದ ಪ್ರಶ್ನೆಯಲ್ಲ ಸ್ವಾಮಿ, ಆಳು ಹಂಚಿಕೆಯ ಪ್ರಶ್ನೆ.

ದಲಿತ ವಿಮರ್ಶೆ ಅಂಬೇಡ್ಕರರಿಂದ ಕಲಿಯಬೇಕಾದದ್ದು ಇಲ್ಲಿದೆ. ಅವರು ತೀರಿಕೊಂಡ ಮೇಲೆ 1987ರಲ್ಲಿ ಅಚ್ಚಾಗಿ ಗಲಾಟೆಗೆ ಕಾರಣವಾದ ಹಿಂದೂ ಧರ್ಮದ ಒಗಟುಗಳ ಪುಸ್ತಕದಲ್ಲಿ ಶಾಸ್ತ್ರಗಳ ವೈರುಧ್ಯಗಳನ್ನು ಅವರು ಎಣಿಸಿದ್ದು ತಮಾಷೆಗಲ್ಲ. ಪ್ರತಿ ವೈರುಧ್ಯದ ಹಿಂದೆ ಯಾರಿಗೆ ಲಾಭ ಎಂದು ಕೇಳಿದರು. ಬುದ್ಧನ ಮಾತೆಂದು ಹೇಳಲಾಗುವ ಮಾತುಗಳನ್ನೂ ಅವರು ಸುಮ್ಮನೆ ಒಪ್ಪಲಿಲ್ಲ. ವಿವೇಕಕ್ಕೆ ಸರಿಯೇ, ಮನುಷ್ಯನ ಒಳಿತಿಗೆ ಸಂಬಂಧಿಸಿದ್ದೇ ಎಂಬ ಒರೆಗಲ್ಲನ್ನು ಅವಕ್ಕೂ ಹಚ್ಚಿದರು. ಕ್ರೈಸ್ತರಾದ ದಲಿತರ ಸ್ಥಿತಿಯ ಬಗ್ಗೆಯೂ ಅವರು ಖಾರವಾಗಿಯೇ ಬರೆದರು: ದೇವರು ಬದಲಾದ, ಜಾತಿ ಹೋಗಲಿಲ್ಲ. ಆ ಮಾತಿಗೆ ಇವತ್ತಿಗೂ ಉತ್ತರವಿಲ್ಲ. 2016ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯೇ ತನ್ನ ದಲಿತ ಸಬಲೀಕರಣ ನೀತಿಯಲ್ಲಿ ಸಭೆಯೊಳಗೆ ಜಾತಿ ತಾರತಮ್ಯ ಇದೆ ಎಂದು ಒಪ್ಪಿಕೊಂಡಿತು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಮಾಡಿದ ಉಪನ್ಯಾಸದಿಂದ ದಲಿತ ದೇವತಾಶಾಸ್ತ್ರದ ಮಾತು ಶುರುವಾಯಿತು. ಒಳ್ಳೆಯದೇ ಆಯಿತು. ಆದರೆ ಅದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಸೆಮಿನರಿಗಳಲ್ಲಿ ಉಳಿಯಿತು. ಲೈನಿನ ಕನ್ನಡಕ್ಕೆ, ತಮಿಳಿಗೆ, ತುಳುವಿಗೆ ಇಳಿಯಬೇಕಾದಷ್ಟು ಇಳಿಯಲಿಲ್ಲ.

ಇನ್ನು ಸರ್ಕಾರದ ಓದು. 1950ರ ರಾಷ್ಟ್ರಪತಿ ಆದೇಶ ಹಿಂದೂ ಅಲ್ಲದವರನ್ನು ಪರಿಶಿಷ್ಟ ಜಾತಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಗೆ ಬಂದರು. ಕ್ರೈಸ್ತ, ಮುಸ್ಲಿಂ ದಲಿತರು ಹೊರಗೇ ಉಳಿದರು. 1985ರಲ್ಲಿ ಚಮ್ಮಾರ ವೃತ್ತಿಯ ಸೂಸೈ ಸುಪ್ರೀಂ ಕೋರ್ಟಿಗೆ ಹೋದಾಗ, ಕ್ರೈಸ್ತರಾದ ಮೇಲೂ ಅದೇ ತೀವ್ರತೆಯ ಅಸ್ಪೃಶ್ಯತೆ ಇದೆ ಎಂದು ತೋರಿಸಿಲ್ಲ ಎಂದಿತು ನ್ಯಾಯಾಲಯ. ಅಂದರೆ ಆಳು ಒಡೆಯ ಎಂಬ ಭೇದ ಕ್ರಿಸ್ತನಲ್ಲಿ ಇಲ್ಲ ಎಂಬ ವಾಕ್ಯ ಈಗಾಗಲೇ ನೆರವೇರಿದೆ ಎಂದು ಈ ದೇಶದಲ್ಲಿ ನಂಬಿದ್ದು ಚರ್ಚಲ್ಲ, ಸರ್ಕಾರ! ಅದೂ ಮೀಸಲಾತಿ ಕಿತ್ತುಕೊಳ್ಳುವಷ್ಟರ ಮಟ್ಟಿಗೆ. ಮೂಡಿಗೆರೆ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ. ಕ್ರೈಸ್ತನೆಂದು ಬರೆಸಿಕೊಂಡ ದಲಿತ ಅಲ್ಲಿ ಅಭ್ಯರ್ಥಿಯಾಗಿ ನಿಲ್ಲುವಂತಿಲ್ಲ. ಹಾಗಾಗಿ ಹಲವರು ಕಾಗದದಲ್ಲಿ ಹಿಂದೂ, ಭಾನುವಾರ ಕ್ರೈಸ್ತ. ಇದನ್ನು ಇಬ್ಬಗೆಯ ಬದುಕು ಎಂದು ಹಂಗಿಸುವ ಗೆಳೆಯರು ನಮ್ಮ ಚಳವಳಿಯಲ್ಲೂ ಇದ್ದಾರೆ. ವೈರುಧ್ಯ ಇರುವುದು ಆ ಮನುಷ್ಯನ ನಂಬಿಕೆಯಲ್ಲಲ್ಲ. ಅವನ ಜಾತಿಯನ್ನು ತೋಟದಲ್ಲಿ ನೆನಪಿಟ್ಟುಕೊಂಡು ತಾಲ್ಲೂಕು ಕಚೇರಿಯಲ್ಲಿ ಮರೆಯುವ ವ್ಯವಸ್ಥೆಯಲ್ಲಿ. 2022ರ ಅಕ್ಟೋಬರಿನಲ್ಲಿ ಈ ಪ್ರಶ್ನೆ ನೋಡಲು ಕೇಂದ್ರ ಸರ್ಕಾರ ಕೆ.ಜಿ. ಬಾಲಕೃಷ್ಣನ್ ಆಯೋಗ ರಚಿಸಿತು. ಅದೇ ವರ್ಷ ಕರ್ನಾಟಕದಲ್ಲಿ ಬಂದ ಮತಾಂತರ ಕಾಯ್ದೆ ದಲಿತರನ್ನು ಅಪ್ರಾಪ್ತರ, ಬುದ್ಧಿ ಸ್ಥಿಮಿತವಿಲ್ಲದವರ ಸಾಲಿನಲ್ಲಿ ಕೂರಿಸಿ, ಅವರನ್ನು ಮತಾಂತರಿಸಿದವರಿಗೆ 10 ವರ್ಷದವರೆಗೆ ಶಿಕ್ಷೆ ಎಂದಿತು. ದಲಿತನಿಗೆ ಸ್ವಂತವಾಗಿ ಓದಿ ತೀರ್ಮಾನಿಸುವ ಬುದ್ಧಿ ಇಲ್ಲ ಎಂಬುದೇ ಅದರ ಗರ್ಭಿತ ಅರ್ಥ. ಅದನ್ನು ರದ್ದುಗೊಳಿಸುವ ತೀರ್ಮಾನವನ್ನು 2023ರಲ್ಲಿ ಸಚಿವ ಸಂಪುಟ ತೆಗೆದುಕೊಂಡಿತು, ಆ ಮಾತು ಬೇರೆ.

ಹಾಗಾದರೆ ಓದುವುದು ಹೇಗೆ? ಮತ್ತಾಯನ 20ರಲ್ಲಿ ದ್ರಾಕ್ಷಿತೋಟದ ಕತೆ ಇದೆ. ಬೆಳಿಗ್ಗೆ ಬಂದ ಆಳಿಗೂ ಸಂಜೆ ಒಂದು ತಾಸಿಗೆ ಬಂದ ಆಳಿಗೂ ಧಣಿ ಒಂದೇ ಕೂಲಿ ಕೊಡುತ್ತಾನೆ. ಗೊಣಗಿದವರಿಗೆ, ನನ್ನ ಸೊತ್ತು ನನ್ನ ಇಷ್ಟ ಅನ್ನುತ್ತಾನೆ. ಪ್ರವಚನದಲ್ಲಿ ಇದು ದೇವರ ಕೃಪೆಯ ಕತೆ. ತೋಟದಲ್ಲಿ ಕೂತು ಓದಿದರೆ ಎರಡು ದನಿ ಕೇಳುತ್ತದೆ. ಸಂಜೆಯವರೆಗೂ ಯಾರೂ ಕರೆಯದೆ ಸಂತೆಯಲ್ಲಿ ನಿಂತವನಿಗೂ ಹೊಟ್ಟೆ ಅಷ್ಟೇ ಇದೆ, ಅವನ ಮನೆಗೂ ಒಂದು ದಿನದ ಅನ್ನ ಬೇಕು ಎಂಬುದು ಒಂದು ದನಿ. ನನ್ನ ಸೊತ್ತು ನನ್ನ ಇಷ್ಟ ಎಂಬುದು ಇನ್ನೊಂದು. ಅದು ನಮಗೆ ಚೆನ್ನಾಗಿ ಪರಿಚಯವಿರುವ ದನಿ. ಕೊಯ್ಲಿನವರಿಗೆ ಕೊಡದೆ ಹಿಡಿದಿಟ್ಟ ಕೂಲಿ ಕೂಗುತ್ತದೆ ಎನ್ನುವ ಯಾಕೋಬನ ಪತ್ರದ 5ನೆಯ ಅಧ್ಯಾಯವನ್ನು ಇದರ ಪಕ್ಕ ಇಟ್ಟರೆ ಆ ಎರಡನೆಯ ದನಿಗೆ ಬೈಬಲ್ಲೇ ಉತ್ತರ ಕೊಡುತ್ತದೆ. ಅಸ್ಸಾಮಿನಿಂದ ಬಂದ ಆಳುಗಳು ನಮ್ಮ ಕೂಲಿ ಇಳಿಸಿದರು ಎಂದು ಇವತ್ತು ಲೈನುಗಳಲ್ಲಿ ಸಿಟ್ಟಿದೆ. ತಡವಾಗಿ ಬಂದವನಿಗೂ ಪೂರ್ತಿ ಕೂಲಿ ಎಂದು ಕೇಳುವ ಆ ಮೊದಲ ದನಿ ಚರ್ಚಿಗೂ ಬೇಕು, ಕಾರ್ಮಿಕ ಸಂಘಕ್ಕೂ ಬೇಕು.

ಎಲ್ಲ ವಾಕ್ಯಗಳಿಗೂ ಸಮವಾಗಿ ತಲೆಬಾಗುವುದನ್ನೇ ನಂಬಿಕೆ ಅಂದರೆ ಅದು ಒಡೆಯರಿಗೆ ಅನುಕೂಲವಾದ ನಂಬಿಕೆ. ಪುಸ್ತಕದೊಳಗೆ ನಡೆಯುತ್ತಿರುವ ವ್ಯಾಜ್ಯದಲ್ಲಿ ಒಂದು ಪಕ್ಷ ಹಿಡಿದು ನಿಲ್ಲುವುದೂ ನಂಬಿಕೆಯೇ. ವಿಧೇಯರಾಗಿರಿ ಎನ್ನುವ ವಾಕ್ಯವನ್ನು ಹರಿದು ಹಾಕಬೇಕಾಗಿಲ್ಲ, ಅದು ಇರಲಿ. ಗುಲಾಮರಿಗೆ ಏನೇನು ಬೋಧಿಸಲಾಯಿತು ಎಂಬುದಕ್ಕೆ ಅದು ಪಂಚನಾಮೆ. ಆದರೆ ಅದನ್ನು ಒಂಟಿಯಾಗಿ ಓದಲು ಬಿಡಬಾರದು. ಪ್ರಾರ್ಥನಾ ಕೂಟದಲ್ಲಿ ಎಫೆಸದ ಆರನೆಯ ಅಧ್ಯಾಯ ಓದಿದ ದಿನ ಧರ್ಮೋಪದೇಶಕಾಂಡದ 23 ಕೂಡ ಓದಲಿ, ಫಿಲೆಮೋನನ ಪತ್ರ ಓದಿದವರು ಒನೇಸಿಮನಿಗೆ ಮುಂದೇನಾಯಿತು ಎಂದು ಪಾದ್ರಿಗಳನ್ನು ಕೇಳಲಿ. ಪತ್ರದಲ್ಲಿ ಅದು ಇಲ್ಲ. ಪೌಲನ ಮಾತಿದೆ, ಒಡೆಯನ ಹೆಸರಿದೆ. ಆಳಿನ ಬಾಯಿಂದ ಒಂದು ಮಾತೂ ಇಲ್ಲ. ದಲಿತ ವಿಮರ್ಶೆಯ ಕೆಲಸ ಶುರುವಾಗಬೇಕಾದದ್ದು ಆ ಖಾಲಿ ಜಾಗದಿಂದಲೇ.