ರೋಗದ ಸಂಖ್ಯೆಯೂ ಇತಿಹಾಸದ ಸಾಕ್ಷ್ಯವೂ: ಸಿಫಿಲಿಸ್ ವರ್ಗೀಕರಣದ ಒಂದು ವಿಮರ್ಶೆ

ಕಾವ್ಯ, ಚರಿತ್ರೆ, ಶಾಸನಸಂಪುಟ ಮೊದಲಾದವು ವಿಮರ್ಶೆಗೆ ವಿಷಯವಾಗುವುದು ವಾಡಿಕೆ. ಕೋಷ್ಟಕಗಳ ಗ್ರಂಥವನ್ನು ವಿಮರ್ಶೆಗೆ ಎತ್ತಿಕೊಂಡವರು ವಿರಳ. ಅಂತಾರಾಷ್ಟ್ರೀಯ ರೋಗವರ್ಗೀಕರಣವೆಂಬ ಹೆಸರಿನ ಸಂಪುಟಗಳನ್ನು ಆಸ್ಪತ್ರೆಯ ದಾಖಲೆಕೊಠಡಿಯವರು ದಿನವೂ ತೆರೆಯುತ್ತಾರೆ; ಆದರೆ ಅವರು ಅದರಲ್ಲಿ ಹುಡುಕುತ್ತಾರೆಯೇ ಹೊರತು ಅದನ್ನು ಓದುವುದಿಲ್ಲ. ಓದಬೇಕಾದವರು ಇತಿಹಾಸದ ಅಧ್ಯಾಪಕರು ಎಂಬುದು ನಮ್ಮ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಕಾರಣವಾದುದು ನಮ್ಮದೇ ಒಂದು ತಪ್ಪು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸಿಫಿಲಿಸ್ ರೋಗದಿಂದಾದ ಮರಣಗಳ ರೇಖೆಯನ್ನು ಕರಿಹಲಗೆಯ ಮೇಲೆ ಬರೆದು, ಅದರ ಇಳಿತವನ್ನು ಪೆನಿಸಿಲಿನ್ನಿನ ಜಯವೆಂದು ನಾವು ಹಲವು ವರ್ಷ ಬೋಧಿಸಿದೆವು. ಒಮ್ಮೆ ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬನು ಎದ್ದು, “ಪೆನಿಸಿಲಿನ್ 1943ರಲ್ಲೇ ಬಂತೆಂದಿರಿ, 1968ರಲ್ಲಿ ರೇಖೆ ಮತ್ತೊಮ್ಮೆ ಥಟ್ಟನೆ ಕೆಳಗಿಳಿಯುವುದೇಕೆ, ಸಾರ್?” ಎಂದು ಕೇಳಿದನು. ಆ ವರ್ಷ ಹೊಸ ಔಷಧವೇನೂ ಬಂದಿರಲಿಲ್ಲ. ಬಂದದ್ದು ಹೊಸ ಪುಸ್ತಕ.

ಈ ಪುಸ್ತಕದ ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಫಾರ್ ಮರಣಕಾರಣಗಳನ್ನು ಕ್ರಮಪಡಿಸಿದನು. 1893ರಲ್ಲಿ ಫ್ರಾನ್ಸಿನ ಝಾಕ್ ಬೆರ್ತಿಯೋಂ ಸಿದ್ಧಪಡಿಸಿದ ಪಟ್ಟಿ ಹಲವು ದೇಶಗಳಿಗೆ ಒಪ್ಪಿಗೆಯಾಯಿತು. 1948ರ ಆರನೆಯ ಪರಿಷ್ಕರಣದಿಂದ ಅದರ ಭಾರ ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿತು. ಹತ್ತನೆಯ ಪರಿಷ್ಕರಣ 1990ರಲ್ಲಿ ಅಂಗೀಕೃತವಾಯಿತು. 2019ರಲ್ಲಿ ಒಪ್ಪಿತವಾದ ಹನ್ನೊಂದನೆಯದು 2022ರ ಜನವರಿಯಿಂದ ಜಾರಿಗೆ ಬಂದಿದೆ.

ಆರನೆಯ ಮತ್ತು ಏಳನೆಯ ಪರಿಷ್ಕರಣಗಳಲ್ಲಿ 020ರಿಂದ 029ರವರೆಗಿನ ಸಂಖ್ಯೆಗಳು ಸಿಫಿಲಿಸ್ ಮತ್ತು ಅದರ ಪರಿಣಾಮಗಳಿಗೆ ಮೀಸಲು. ಜನ್ಮಜಾತ ರೋಗಕ್ಕೆ 020, ಆರಂಭದ ಅವಸ್ಥೆಗೆ 021. ಮುಂದೆ 022 ಎಂಬ ಸಂಖ್ಯೆಯ ಎದುರಿನಲ್ಲಿ ಸಿಫಿಲಿಸ್ ಎಂಬ ಮಾತೇ ಇಲ್ಲ; ಮಹಾಪಧಮನಿಯ ಅನ್ಯೂರಿಸಂ, ಎಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಗೋಡೆ ಸಡಿಲಿ ಉಬ್ಬುವುದು, ಎಂದಷ್ಟೇ ಇದೆ. ಸಿಫಿಲಿಸ್ಸಿನಿಂದಲ್ಲದ ಉಬ್ಬಿಗೆ ದೂರದ ಇನ್ನೊಂದು ಅಧ್ಯಾಯದಲ್ಲಿ, 451ರಲ್ಲಿ, ಸ್ಥಳ ಕೊಟ್ಟಿದ್ದಾರೆ. ಈ ಎರಡನ್ನೂ ಜೊತೆಗಿಟ್ಟು ನೋಡಿದರೆ ಗ್ರಂಥದ ಊಹೆ ಬಯಲಾಗುತ್ತದೆ. ವೈದ್ಯನು ಪ್ರಮಾಣಪತ್ರದಲ್ಲಿ “ಮಹಾಪಧಮನಿಯ ಉಬ್ಬು” ಎಂದಷ್ಟೇ ಬರೆದು ಸುಮ್ಮನಾದರೆ, ಮೃತನು ಸಿಫಿಲಿಸ್ಸಿನ ಲೆಕ್ಕಕ್ಕೆ ಸೇರುತ್ತಾನೆ. ವೈದ್ಯನ ಮೌನವನ್ನು ಪುಸ್ತಕವು ರೋಗವೆಂದು ಓದಿತು.

ಈ ಊಹೆ ನಿರಾಧಾರವಾಗಿರಲಿಲ್ಲವೆಂಬುದನ್ನು ನಾವು ಒಪ್ಪಬೇಕು. ಚಿಕಿತ್ಸೆಯಿಲ್ಲದ ಸಿಫಿಲಿಸ್ ಹತ್ತಾರು ವರ್ಷಗಳ ಮೇಲೆ ಮಹಾಪಧಮನಿಯನ್ನು ಹಿಡಿಯುವುದು ನಿಜ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಎದೆಯೊಳಗಿನ ಉಬ್ಬುಗಳಿಗೆ ಅದು ಮುಖ್ಯ ಕಾರಣವೂ ಆಗಿತ್ತು. ಬುದ್ಧಿಭ್ರಮೆಯೊಡನೆ ಬರುವ ಸಾರ್ವತ್ರಿಕ ಪಾರ್ಶ್ವವಾಯುವಿನ ವಿಷಯದಲ್ಲಿ ಇಂಥದೇ ಸ್ಥಳಾಂತರ ನ್ಯಾಯವಾಗಿಯೇ ನಡೆಯಿತು. ಮೊದಲು ಅದು ನರಮಂಡಲದ ರೋಗಗಳ ಸಾಲಿನಲ್ಲಿದ್ದಿತು. 1905ರಲ್ಲಿ ಶೌಡಿನ್ ಮತ್ತು ಹಾಫ್‌ಮನ್ ರೋಗಾಣುವನ್ನು ಕಂಡರು. 1913ರಲ್ಲಿ ನೊಗುಚಿ ಮತ್ತು ಮೂರ್ ಅದೇ ರೋಗಾಣುವನ್ನು ಅಂತಹ ರೋಗಿಗಳ ಮಿದುಳಿನಲ್ಲಿ ತೋರಿಸಿದರು. ಅಲ್ಲಿಂದ ಮುಂದೆ ಆ ರೋಗ ಸಿಫಿಲಿಸ್ಸಿನ ಗುಂಪಿಗೆ ಬಂದುದು ಸರಿಯೇ. ಅಲ್ಲಿ ರೋಗಾಣು ಸಿಕ್ಕಿದ ಮೇಲೆ ಸಂಖ್ಯೆ ಬದಲಾಯಿತು. ರಕ್ತನಾಳದ ಉಬ್ಬಿನ ವಿಷಯದಲ್ಲಿಯೋ, ಪ್ರಪಂಚ ಬದಲಾದ ಮೇಲೂ ಸಂಖ್ಯೆ ನಿಂತಲ್ಲೇ ನಿಂತಿತು. ಪೆನಿಸಿಲಿನ್ ಬಂದಿತು, ಜನರ ಆಯುಸ್ಸು ಬೆಳೆಯಿತು, ಮುಪ್ಪಿನಲ್ಲಿ ರಕ್ತನಾಳ ಗಡುಸಾಗಿ ಹೊಟ್ಟೆಯ ಭಾಗದಲ್ಲಿ ಉಬ್ಬುವ ರೋಗಿಗಳು ಹೆಚ್ಚಾದರು, ಇವರಲ್ಲಿ ಎಷ್ಟೋ ಮಂದಿಯ ಸಾವು 022ಕ್ಕೇ ಹೋಗುತ್ತಿತ್ತು. 1965ರಲ್ಲಿ ಸಿದ್ಧವಾಗಿ 1968ರಿಂದ ಬಳಕೆಗೆ ಬಂದ ಎಂಟನೆಯ ಪರಿಷ್ಕರಣವು ಊಹೆಯನ್ನು ತಲೆಕೆಳಗು ಮಾಡಿತು. ಸಿಫಿಲಿಸ್ ಎಂದು ಸ್ಪಷ್ಟವಾಗಿ ಬರೆದ ಉಬ್ಬು ಮಾತ್ರ ಸಿಫಿಲಿಸ್; ಉಳಿದದ್ದೆಲ್ಲ ರಕ್ತನಾಳದ ರೋಗ. ನಮ್ಮ ಕರಿಹಲಗೆಯ ರೇಖೆ ಕುಸಿದುದು ಇಲ್ಲಿ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಶಕ್ತಿಯೂ ಕೆಲಸ ಮಾಡುತ್ತಿದ್ದಿತು, ಅದು ಲಜ್ಜೆ. ಮೃತನ ಬಂಧುಗಳ ಕೈಗೆ ಹೋಗುವ ಕಾಗದದಲ್ಲಿ ಈ ರೋಗದ ಹೆಸರನ್ನು ಬರೆಯಲು ವೈದ್ಯರು ಹಿಂಜರಿಯುತ್ತಿದ್ದರೆಂಬ ಸಂಗತಿ, 1913ರಿಂದ 1916ರವರೆಗೆ ಬ್ರಿಟನ್ನಿನಲ್ಲಿ ವಿಚಾರಣೆ ನಡೆಸಿದ ರಾಯಲ್ ಕಮಿಷನ್ನಿನ ಗಮನಕ್ಕೂ ಬಂದಿತ್ತು. ಒಂದು ಕಡೆ ವೈದ್ಯನು ಅಡಗಿಸುತ್ತಾನೆ, ಇನ್ನೊಂದು ಕಡೆ ಪುಸ್ತಕವು ಆರೋಪಿಸುತ್ತದೆ. ಎರಡು ತಪ್ಪುಗಳು ಪರಸ್ಪರ ಸರಿಹೋದಾವೆಂದು ನೆಮ್ಮದಿಯಿಂದಿರುವುದು ಲೆಕ್ಕವಲ್ಲ, ಜೂಜು. ಅಡಗಿದವರು ಹಣವಂತರ ಮನೆಯವರೇ ಹೆಚ್ಚೆಂದು ನಮಗೆ ಸಂದೇಹ. ಮನೆಯ ವೈದ್ಯನ ದಾಕ್ಷಿಣ್ಯ ಧರ್ಮಾಸ್ಪತ್ರೆಯ ರೋಗಿಗೆ ದೊರೆಯುವುದು ಕಷ್ಟ.

ಹೆಸರಿಡುವುದರಲ್ಲಿ ದೋಷವನ್ನು ಪರರ ಮೇಲೆ ಹೊರಿಸುವ ಅಭ್ಯಾಸವಂತೂ ಈ ರೋಗದ ಹುಟ್ಟಿನಿಂದಲೇ ಬಂದಿದೆ. ಇಟಲಿಯವರು ಇದನ್ನು ಫ್ರೆಂಚರ ರೋಗವೆಂದರು, ಫ್ರೆಂಚರು ನೇಪಲ್ಸಿನ ರೋಗವೆಂದರು. ನಮ್ಮ ಭಾವಮಿಶ್ರನು ಹದಿನಾರನೆಯ ಶತಮಾನದ ಭಾವಪ್ರಕಾಶದಲ್ಲಿ ಫಿರಂಗರೋಗವೆಂದನು. ಅದಕ್ಕೆ ಕೊಡುತ್ತಿದ್ದ ಬೇರು ಇಂದಿಗೂ ಗ್ರಂಧಿಗೆ ಅಂಗಡಿಯಲ್ಲಿ ಪರಂಗಿಚಕ್ಕೆ ಎಂಬ ಹೆಸರಿನಿಂದಲೇ ದೊರೆಯುತ್ತದೆ. ಸಿಫಿಲಿಸ್ಸಿಗೆ ಉಪದಂಶವೆಂಬ ಪದವನ್ನು ಬಳಸುವ ನಮ್ಮ ಅನುವಾದಕರು, ಸುಶ್ರುತನ ಉಪದಂಶವೂ ಭಾವಮಿಶ್ರನ ಫಿರಂಗವೂ ಒಂದೇ ಅಲ್ಲವೆಂಬುದನ್ನು ಮರೆಯುತ್ತಾರೆ. ಈ ಲೇಖನದಲ್ಲಿ ಆ ಪದವನ್ನು ನಾವು ಬಿಟ್ಟಿರುವುದು ಅದಕ್ಕಾಗಿ.

ಹತ್ತನೆಯ ಪರಿಷ್ಕರಣವು ಹಿಂದಿನವುಗಳಿಗಿಂತ ಎಚ್ಚರಿಕೆಯುಳ್ಳದ್ದು. ಗುಂಪಿನ ಶೀರ್ಷಿಕೆಯಲ್ಲಿ ಶುಕ್ರದೇವತೆಯ ಹೆಸರನ್ನು ಕೈಬಿಟ್ಟು, “ಪ್ರಧಾನವಾಗಿ ಲೈಂಗಿಕವಾಗಿ ಹರಡುವ ಸೋಂಕುಗಳು” ಎಂದು ಬರೆದರು. ಸಿಫಿಲಿಸ್ಸಿಗೆ ಎ50ರಿಂದ ಎ53, ಗನೋರಿಯಾಕ್ಕೆ ಎ54, ಕ್ಲಮೀಡಿಯಾಕ್ಕೆ ಎ55 ಮತ್ತು ಎ56. ಮೂಲಕಾರಣಕ್ಕೆ ಒಂದು ಸಂಖ್ಯೆ, ಅದು ತೋರಿದ ಅಂಗಕ್ಕೆ ಇನ್ನೊಂದು ಎಂಬ ಜೋಡಿ ಕ್ರಮ ಒಂಬತ್ತನೆಯದರಿಂದ ಬಂದದ್ದು, ಅದು ಶ್ಲಾಘ್ಯ: ಸಿಫಿಲಿಸ್ಸಿನಿಂದ ಬಂದ ಉಬ್ಬಿಗೆ ಈಗ ಎ52.0ರ ಜೊತೆಗೆ ಐ79.0 ಸೇರುತ್ತದೆ, ಊಹೆಗೆ ಎಡೆಯಿಲ್ಲ. ವಿವರವಿಲ್ಲದ ಸಿಫಿಲಿಸ್ಸಿಗೆ ಎ53.9 ಎಂಬ ಸಂಖ್ಯೆಯಿದೆ. ಸಂಶೋಧಕನಿಗೆ ಅತ್ಯಂತ ನಿರುಪಯುಕ್ತವಾದ ಈ ಸಂಖ್ಯೆಯೇ ಸಂಪುಟದಲ್ಲಿ ಅತ್ಯಂತ ಪ್ರಾಮಾಣಿಕವಾದುದೆಂದು ನಮಗೆ ತೋರುತ್ತದೆ.

ಆದರೂ “ಪ್ರಧಾನವಾಗಿ” ಎಂಬ ಪದ ಹೊತ್ತಿರುವ ಭಾರ ದೊಡ್ಡದು. ತಾಯಿಯಿಂದ ಗರ್ಭದ ಶಿಶುವಿಗೆ ಬರುವ ಎ50 ಈ ಗುಂಪಿನಲ್ಲಿದೆ. ಅದೇ ರೋಗಾಣುವಿನ ಉಪಜಾತಿಯಿಂದ ಬರುವ ಯಾಸ್ ಎಂಬ ಚರ್ಮರೋಗ, ಮಕ್ಕಳ ಮೈ ಸೋಕಿ ಹರಡುವುದಾದ್ದರಿಂದ, ಹೊರಗೆ ಎ66ರಲ್ಲಿದೆ. ಇಲ್ಲಿ ವಿಭಾಗದ ತತ್ತ್ವ ರೋಗಾಣುವಲ್ಲ, ನಡತೆ. ವಾಡಿಕೆಯ ರಕ್ತಪರೀಕ್ಷೆಗೆ ಈ ಭೇದ ತಿಳಿಯದು. ಭಾರತವು ಯಾಸ್‌ಮುಕ್ತವೆಂದು 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಆದರೆ ಬಾಲ್ಯದಲ್ಲಿ ಅದನ್ನು ಕಂಡ ಗುಡ್ಡಗಾಡಿನ ಮುದುಕಿಯೊಬ್ಬಳ ರಕ್ತ ಇಂದೂ ಪರೀಕ್ಷೆಯಲ್ಲಿ ಸಿಫಿಲಿಸ್ ಎಂದು ತೋರಬಹುದು. ಆಕೆಗೆ ಯಾವ ಅಕ್ಷರ, ಯಾವ ಅಂಕೆ?

ಕಾಲದ ಗಡಿಯೂ ಸ್ಥಿರವಲ್ಲ. ಸೋಂಕು ತಗುಲಿ ಎರಡು ವರ್ಷದೊಳಗಿದ್ದರೆ ಆರಂಭದ ಸಿಫಿಲಿಸ್ ಎನ್ನುತ್ತದೆ ಹತ್ತನೆಯ ಪರಿಷ್ಕರಣ. ಅಮೆರಿಕದ ರೋಗನಿಯಂತ್ರಣ ಕೇಂದ್ರವು ಗಡಿಯನ್ನು ಒಂದು ವರ್ಷಕ್ಕೆ ಹಾಕಿಕೊಂಡಿದೆ. ಹೊರಲಕ್ಷಣವಿಲ್ಲದೆ ಹದಿನೆಂಟು ತಿಂಗಳು ಕಳೆದ ರೋಗಿ ಆ ದೇಶದಲ್ಲಿ ಆಸ್ಪತ್ರೆಯ ಸಂಖ್ಯೆಯಂತೆ ಆರಂಭದವನು, ಆರೋಗ್ಯ ಇಲಾಖೆಯ ವರದಿಯಂತೆ ಕಡೆಯವನು. ಎರಡು ಕೋಷ್ಟಕಗಳನ್ನು ಕೂಡಿಸಿ ಪ್ರಬಂಧ ಬರೆಯುವ ವಿದ್ಯಾರ್ಥಿಗೆ ಇದನ್ನು ಮೊದಲೇ ತಿಳಿಸುವುದು ಮಾರ್ಗದರ್ಶಕನ ಹೊಣೆ.

ಇನ್ನು ನಮ್ಮ ದೇಶದ ಮಾತು. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ವೈದ್ಯರು ತುಂಬುವ ಮರಣಕಾರಣದ ನಮೂನೆಗಳಿಗೆ ಈ ವರ್ಗೀಕರಣವೇ ಆಧಾರ. ಆದರೆ ಈ ರೋಗಗಳಿಂದ ಬಳಲುವವರಲ್ಲಿ ಬಹುಮಂದಿ ಸಾಯುವುದಿಲ್ಲ. ಅವರು ಕಾಣುವುದು ಚಿಕಿತ್ಸಾಲಯದ ದಪ್ಪ ರಿಜಿಸ್ಟರಿನಲ್ಲಿ. ಪ್ರಯೋಗಾಲಯದ ಅನುಕೂಲವಿಲ್ಲದ ಕಡೆ ಲಕ್ಷಣವನ್ನು ನೋಡಿಯೇ ಔಷಧ ಕೊಡುವ ಕ್ರಮವನ್ನು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ರೂಪಿಸಿ, ಔಷಧದ ಪೊಟ್ಟಣಗಳಿಗೆ ಬಣ್ಣಗಳನ್ನು ಗೊತ್ತುಮಾಡಿತು. ಸ್ರಾವವಿದ್ದವರಿಗೆ ಬೂದು ಬಣ್ಣದ ಒಂದನೆಯ ಕಿಟ್. ಅದರಲ್ಲಿ ಗನೋರಿಯಾಕ್ಕೂ ಕ್ಲಮೀಡಿಯಾಕ್ಕೂ ಒಟ್ಟಿಗೇ ಮದ್ದು. ಹುಣ್ಣಿದ್ದವರಿಗೆ ಬಿಳಿಯದು. ರೋಗಿಯ ದೃಷ್ಟಿಯಿಂದ ಇದು ವಿವೇಕದ ಕೆಲಸ. ಪರೀಕ್ಷೆಯ ಫಲಕ್ಕೆ ಕಾದು ಕುಳಿತರೆ ಆತ ಮತ್ತೆ ಬಾರದೆ ಹೋಗಬಹುದು. ಆದರೆ ಮುಂದೆ ಯಾರಾದರೂ ಆ ರಿಜಿಸ್ಟರನ್ನು ತೆರೆದು, ಒಂದು ಜಿಲ್ಲೆಯಲ್ಲಿ ಗನೋರಿಯಾ ಎಷ್ಟಿತ್ತು, ಕ್ಲಮೀಡಿಯಾ ಎಷ್ಟಿತ್ತು ಎಂದು ಎಣಿಸಹೊರಟರೆ ಅವರಿಗೆ ಸಿಕ್ಕುವುದು ಎ54ವೂ ಅಲ್ಲ, ಎ56ವೂ ಅಲ್ಲ. ತಿಂಗಳಿಗೆ ಇಷ್ಟು ಬೂದು ಪೊಟ್ಟಣ ಖರ್ಚಾಯಿತೆಂಬ ಲೆಕ್ಕ.