ಮರ ಹೀರುವ ಸಾರಜನಕ: ಲೆಕ್ಕ ತಪ್ಪುವುದೆಲ್ಲಿ?

ಕೊಳಚೆ ನೀರನ್ನು ಗಿಡಗಳಿಂದ ಶುದ್ಧಗೊಳಿಸುವ ಮಾದರಿ ಶಾಲಾ ವಿಜ್ಞಾನ ಪ್ರದರ್ಶನಗಳಲ್ಲಿ ಆಗಾಗ ಕಾಣಸಿಗುತ್ತದೆ. ತೊಟ್ಟಿಯಲ್ಲಿ ಜಲ್ಲಿ, ಮರಳು, ನಾಲ್ಕು ಗಿಡ. ಒಂದೆಡೆ ಕಪ್ಪು ನೀರು ಸುರಿದರೆ ಇನ್ನೊಂದೆಡೆ ತಿಳಿನೀರು. ಆದರೆ ತಿಳಿನೀರೆಲ್ಲ ಶುದ್ಧವೇ? ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮರಳು ಅದನ್ನು ತಡೆಯದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಮ್ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಮೀರಿದರೆ ಹಸುಗೂಸುಗಳ ರಕ್ತ ಆಕ್ಸಿಜನ್ ಸಾಗಿಸುವ ಸಾಮರ್ಥ್ಯವನ್ನು ಕಳೆದುಕೊಳ್ಳಬಹುದು. ಆದ್ದರಿಂದ ನೈಟ್ರೇಟನ್ನು ಅಳೆಯದ ಮಾದರಿ ಸಾರಜನಕದ ಬಗ್ಗೆ ಏನನ್ನೂ ಸಾಧಿಸಿ ತೋರಿಸಿದಂತಾಗದು.

ಈ ಕೆಲಸಕ್ಕೆ ಹೆಸರಾದ ಮರ ವಿಲೋ. ಸ್ವೀಡನ್ನಿನ ಎನ್‌ಷೋಪಿಂಗ್ ಪಟ್ಟಣದಲ್ಲಿ 2000ದ ಸುಮಾರಿಗೆ ಆರಂಭವಾದ ಯೋಜನೆಯಲ್ಲಿ, ಸಾರಜನಕ ಹೆಚ್ಚಿರುವ ಕೊಳಚೆ ನೀರನ್ನು ಸುಮಾರು 75 ಹೆಕ್ಟೇರ್ ವಿಲೋ ತೋಪಿಗೆ ಹಾಯಿಸಲಾಯಿತು. ಕಡಿದ ಮರ ಚಕ್ಕೆಯಾಗಿ ಊರಿನ ಶಾಖ-ವಿದ್ಯುತ್ ಸ್ಥಾವರಕ್ಕೆ ಉರುವಲಾಯಿತು. ನಮ್ಮ ಹೊಳೆಯಂಚುಗಳಲ್ಲಿ ಬೆಳೆಯುವ ನೀರುವಂಜಿಯೂ ವಿಲೋ ಕುಲದ್ದೇ. ವೈಜ್ಞಾನಿಕ ಹೆಸರು ಸೇಲಿಕ್ಸ್ ಟೆಟ್ರಾಸ್ಪರ್ಮ. ಹಾಗಾದರೆ ನಂಜನಗೂಡು ತಾಲ್ಲೂಕಿನ ಬಿಳಿಗೆರೆಯಂಥ ಊರಿನ ಚರಂಡಿ ಕೊನೆಯಲ್ಲಿ ಅದರ ಸಾಲು ನೆಟ್ಟರೆ ಸಾಕೇ?

ಲೆಕ್ಕ ಹಾಕಿ ನೋಡೋಣ. ಒಬ್ಬ ಮನುಷ್ಯ ದಿನಕ್ಕೆ ವಿಸರ್ಜಿಸುವ ಸಾರಜನಕ 8 ಗ್ರಾಮ್ ಎಂದು ಹಿಡಿದರೆ, ಸಾವಿರ ಜನರಿಂದ ವರ್ಷಕ್ಕೆ ಸುಮಾರು 2,900 ಕಿಲೋಗ್ರಾಮ್. ಒಂದು ಹೆಕ್ಟೇರಿನಲ್ಲಿ ವರ್ಷಕ್ಕೆ 10 ಟನ್ ಒಣ ಕಟ್ಟಿಗೆ ಬೆಳೆದು, ಅದರಲ್ಲಿ ಶೇಕಡಾ 0.5ರಷ್ಟು ಸಾರಜನಕವಿದ್ದರೆ, ಕಡಿದು ಸಾಗಿಸಿದಾಗ ಹೊರಹೋಗುವುದು 50 ಕಿಲೋಗ್ರಾಮ್ ಮಾತ್ರ. ಅಷ್ಟನ್ನೂ ಮರವೇ ಹೊರಬೇಕಾದರೆ 58 ಹೆಕ್ಟೇರ್ ತೋಪು ಬೇಕು! ವಾಸ್ತವದಲ್ಲಿ ಹೆಚ್ಚಿನ ಪಾಲು ಕೆಲಸವನ್ನು ಗಾಳಿಯಾಡದ ಕೆಸರಿನ ಬ್ಯಾಕ್ಟೀರಿಯಾ ಮಾಡಬಲ್ಲವು. ಅವು ನೈಟ್ರೇಟನ್ನು ನೈಟ್ರೋಜನ್ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ.

ಮರದ ಆಯ್ಕೆಯಲ್ಲಿಯೂ ದೋಷಗಳಿವೆ. ಬೇಗ ಎತ್ತರಕ್ಕೆ ಬೆಳೆಯುವುದೇ ಒಳ್ಳೆಯದೆಂಬುದು ಒಂದು. ಎಲೆಯಲ್ಲಿ ಸಾರಜನಕ ಹೆಚ್ಚಿದ್ದರೆ ಸಾಕೆಂಬುದು ಇನ್ನೊಂದು. ಉದುರಿದ ಎಲೆ ಅಲ್ಲೇ ಕೊಳೆತರೆ ಸಾರಜನಕ ಮರಳಿ ಮಣ್ಣಿಗೇ ಸೇರುತ್ತದೆ. ಅಳೆಯಬೇಕಾದುದು ಕಡಿದು ಹೊರಗೆ ಸಾಗಿಸಿದ ಸಾರಜನಕವನ್ನು. ನೀರು ನಿಂತರೂ, ಉಪ್ಪು ಹೆಚ್ಚಿದರೂ ಮರ ತಾಳಬೇಕು; ಕಡಿದ ಮೇಲೆ ಚಿಗುರಬೇಕು. ಸ್ವೀಡನ್ನಿಗೆ ಚಳಿಗಾಲ ತೊಡಕು, ನಮಗೆ ಮಳೆಗಾಲ. ಮಳೆ ನೀರು ಬೇರಿಗೆ ಸಿಗದ ನೈಟ್ರೇಟನ್ನು ಅಂತರ್ಜಲಕ್ಕೆ ಇಳಿಸುತ್ತದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2018ರ ಮಲಿನ ನದಿಗಳ ಪಟ್ಟಿಯಲ್ಲಿ ಕಬಿನಿಯೂ ಇತ್ತು. ಆದ್ದರಿಂದ ಈ ಪ್ರಶ್ನೆ ಕೇವಲ ಪ್ರದರ್ಶನದ್ದಲ್ಲ. ಶಿಕ್ಷಕರು ಮಕ್ಕಳಿಂದ ಮಾದರಿ ಮಾಡಿಸಲಿ; ಜೊತೆಗೆ ಗಿಡವಿಲ್ಲದ ಇನ್ನೊಂದು ತೊಟ್ಟಿಯನ್ನೂ ಇಡಿಸಲಿ. ಎರಡರ ನೀರನ್ನೂ ನೈಟ್ರೇಟ್ ಪರೀಕ್ಷೆಗೆ ಒಡ್ಡಿದಾಗ ಗಿಡದ ಪಾಲೆಷ್ಟು, ಮಣ್ಣಿನ ಪಾಲೆಷ್ಟು ಎಂಬುದು ತಿಳಿದೀತು.